ಒಂದೆಲಗದ ರಸ ಮತ್ತು ಫಿಟ್ಸ್ ಮಾತ್ರೆ



ಒಂದೆಲಗ ನಮಗೆ ಹೊಸತಲ್ಲ. ಗದ್ದೆಯ ಅಂಚಿನಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ, ತೆಂಗಿನ ಬುಡದ ತಂಪಿನಲ್ಲಿ ತಾನಾಗಿಯೇ ಹಬ್ಬುತ್ತದೆ. ಬ್ರಹ್ಮಾವರದ ಕಡೆ ತುಳು ಮಾತನಾಡುವವರು ಇದಕ್ಕೆ ತಿಮರೆ ಎನ್ನುತ್ತಾರೆ. ಕುಂದಾಪುರ, ಬೈಂದೂರಿನ ಮನೆಗಳಲ್ಲಿ ಇದರ ತಂಬುಳಿ ಉಣ್ಣದವರು ಕಡಿಮೆ. ಬುದ್ಧಿ ಚುರುಕಾಗಲಿ ಎಂದು ಮಕ್ಕಳಿಗೂ ತಿನ್ನಿಸುತ್ತೇವೆ.

ಒಂದು ಸಂಜೆ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ನಮ್ಮನ್ನು ಕೇಳಿದರು. "ಮಗ್ಳಿಗೆ ಫಿಟ್ಸ್ ಬತ್ತ್. ಒಂದೆಲಗದ ರಸ ಕೊಟ್ರೆ ಗುಣ ಆತ್ತ್ ಅಂಬ್ರ್. ಮಾತ್ರೆ ಬಿಡ್ಲಕ್ಕಾ?"

ಅವತ್ತು ಗಡಿಬಿಡಿಯಲ್ಲಿ "ಬೇಡ" ಎಂದಷ್ಟೇ ಹೇಳಿ ಬಂದೆವು. ಅಷ್ಟು ಸಾಲದು. ಯಾಕೆ ಬೇಡ ಎಂದು ಹೇಳಬೇಕಿತ್ತು. ಅದನ್ನು ಇವತ್ತು ಹೇಳುತ್ತೇವೆ.

ನಮ್ಮ ಮಿದುಳಿನಲ್ಲಿ ಸಣ್ಣ ಸಣ್ಣ ವಿದ್ಯುತ್ ಸಂದೇಶಗಳು ಯಾವಾಗಲೂ ಓಡಾಡುತ್ತಿರುತ್ತವೆ. ಒಮ್ಮೊಮ್ಮೆ ಅವು ಹದ ತಪ್ಪಿ ಒಟ್ಟಿಗೇ ಉಕ್ಕುತ್ತವೆ. ಆಗ ಎಚ್ಚರ ತಪ್ಪುತ್ತದೆ. ಕೈಕಾಲು ಸೆಟೆದು ಅದುರುತ್ತದೆ. ಇದೇ ಫಿಟ್ಸ್. ಮತ್ತೆ ಮತ್ತೆ ಬಂದರೆ ಮೂರ್ಛೆರೋಗ ಅಥವಾ ಅಪಸ್ಮಾರ ಎನ್ನುತ್ತೇವೆ. ಇದು ದೆವ್ವದ ಕಾಟವಲ್ಲ. ಅಂಟುರೋಗವೂ ಅಲ್ಲ.

ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದಕೈ ಕೊಡುವುದನ್ನು ನಾವೆಲ್ಲ ಕಂಡಿದ್ದೇವೆ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೆಸರು ಮಾತ್ರ ಬೀಗದಕೈಗೆ ಬರುತ್ತದೆ! ಸೊಪ್ಪಿಗೂ ಹೀಗೆ ಸುಮ್ಮನೆ ಹೆಸರು ಬಂದಿರಬಹುದಲ್ಲ? ಗೊತ್ತಾಗುವುದು ಹೇಗೆ? ಅದಕ್ಕೇ ಪರೀಕ್ಷೆ ಮಾಡುವುದು.

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ಒಂದೆಲಗವನ್ನೇ ಪರೀಕ್ಷೆ ಮಾಡಿದರು. ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಇಲಿಗಳಿಗೆ ಫಿಟ್ಸ್ ಬರಿಸುವ ಒಂದು ಮದ್ದನ್ನು ಚುಚ್ಚಿದರು. ಕೆಲವಕ್ಕೆ ಒಂದೆಲಗದಿಂದ ತೆಗೆದ ಸತ್ವ ಕುಡಿಸಿದರು. ಕೆಲವಕ್ಕೆ ಕುಡಿಸಲಿಲ್ಲ. ಆಮೇಲೆ ಎರಡನ್ನೂ ಹೋಲಿಸಿ ನೋಡಿದರು. ಇಲಿಯ ತೂಕದ ಒಂದು ಕಿಲೋಗೆ 300 ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಾಗ ಫಿಟ್ಸ್ ಕಡಿಮೆಯಾಯಿತು. 100 ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಾಗ ಕಲಿಕೆ ಸುಧಾರಿಸಿತು, ಫಿಟ್ಸ್ ಕಡಿಮೆಯಾಗಲಿಲ್ಲ.

ನೋಡಿ, ಗಿಡ ಅದೇ. ಅಳತೆ ಬೇರೆಯಾದರೆ ಫಲವೂ ಬೇರೆ. ನಾವು ಮುಷ್ಟಿ ಸೊಪ್ಪು ಅರೆದು ಹಿಂಡಿದ ರಸದಲ್ಲಿ ಸತ್ವ ಎಷ್ಟಿದೆ? ಯಾರು ಅಳೆದವರು? ಮಳೆಗಾಲದ ಸೊಪ್ಪೂ ಬೇಸಿಗೆಯ ಸೊಪ್ಪೂ ಒಂದೇ ತರ ಇರುವುದಿಲ್ಲ. ಇಲಿಯ ಲೆಕ್ಕವನ್ನು ಹಾಗೇ ಮನುಷ್ಯರಿಗೆ ಹಾಕುವಂತೆಯೂ ಇಲ್ಲ.

ನಮ್ಮ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲೂ ಒಂದೆಲಗದ ಕೆಲಸ ನಡೆದಿದೆ. ಮರಿ ಇಲಿಗಳಿಗೆ ಅದರ ರಸ ಕೊಟ್ಟು ನೋಡಿದರು. ಮಿದುಳಿನಲ್ಲಿ ನೆನಪಿಗೆ ಬೇಕಾದ ಭಾಗದ ನರಕೋಶಗಳ ಕವಲುಗಳು ಹೆಚ್ಚು ಹಬ್ಬಿದ್ದವು. ಇದು 2006ರಲ್ಲಿ ಪ್ರಕಟವಾಯಿತು. ಅಜ್ಜಿಯರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ! ಆದರೆ ಅದು ನೆನಪಿನ ವಿಷಯ. ಫಿಟ್ಸ್ ವಿಷಯ ಅಲ್ಲ.

ಇನ್ನೊಂದು ಕತೆ ಕೇಳಿ. ಇದು ಫ್ರಾನ್ಸ್ ದೇಶದಲ್ಲಿ 1962ರ ಹೊತ್ತಿಗೆ ನಡೆದದ್ದು. ಕೆಲ್ಲಿನ್ ಎಂಬುದು ಒಂದು ಗಿಡದಲ್ಲಿ ಸಿಗುವ ವಸ್ತು. ಅದರ ಜಾತಿಯ ಹೊಸ ಮದ್ದುಗಳನ್ನು ಅಲ್ಲಿಯವರು ಪರೀಕ್ಷೆ ಮಾಡುತ್ತಿದ್ದರು. ಅವು ಸುಲಭದಲ್ಲಿ ಕರಗುತ್ತಿರಲಿಲ್ಲ. ಅದಕ್ಕೆ ವಾಲ್‌ಪ್ರೋಯಿಕ್ ಆಮ್ಲ ಎಂಬ ದ್ರವದಲ್ಲಿ ಕರಗಿಸಿ ಪ್ರಾಣಿಗಳಿಗೆ ಕೊಟ್ಟರು. ಯಾವ ಮದ್ದು ಕೊಟ್ಟರೂ ಫಿಟ್ಸ್ ತಡೆಯುತ್ತಿತ್ತು. ಎಲ್ಲವೂ ಹೇಗೆ ತಡೆಯುತ್ತವೆ ಎಂದು ಅನುಮಾನ ಬಂತು. ಬರೀ ದ್ರವವನ್ನೇ ಕೊಟ್ಟು ನೋಡಿದರು. ಆಗಲೂ ಫಿಟ್ಸ್ ತಡೆಯಿತು! ಪಾಯಸ ಸಿಹಿಯಾಗಿದೆ ಎಂದು ಏಲಕ್ಕಿಯನ್ನು ಹೊಗಳಿದ ಹಾಗೆ ಆಗಿತ್ತು. ಸಿಹಿ ಇದ್ದದ್ದು ಬೆಲ್ಲದಲ್ಲಿ.

ಆ ದ್ರವದಿಂದ ಬಂದ ಮಾತ್ರೆಯೇ ಸೋಡಿಯಂ ವಾಲ್‌ಪ್ರೋಯೇಟ್. ಇವತ್ತಿಗೂ ಫಿಟ್ಸ್‌ಗೆ ಕೊಡುತ್ತಾರೆ. ಹೆಂಗಸರಾದ ನಮಗೆ ಇಲ್ಲೊಂದು ಮಾತು ಮುಖ್ಯ. ಬಸುರಿಯಾದಾಗ ಈ ಮಾತ್ರೆ ನುಂಗಿದರೆ ಹೊಟ್ಟೆಯ ಮಗುವಿಗೆ ತೊಂದರೆಯಾಗಬಹುದು. ಮಾತ್ರೆಯ ಹಾಳೆಯ ಮೇಲಿನ ಹೆಸರು ಓದಿ. ಈ ಹೆಸರಿದ್ದರೆ, ಮಗು ಆಗುವ ಪ್ರಾಯದವರು ಈಗಲೇ ಡಾಕ್ಟರಿಗೆ ತಿಳಿಸಿ. ಮೊದಲೇ ಹೇಳಿದರೆ ಅವರು ಬೇರೆ ದಾರಿ ನೋಡುತ್ತಾರೆ. ನಾವಾಗಿ ನಿಲ್ಲಿಸುವುದು ಮಾತ್ರ ಬೇಡ.

ಹಾಗಾದರೆ ಗಿಡದ ಮದ್ದು ಪರೀಕ್ಷೆಯಲ್ಲಿ ಗೆದ್ದದ್ದೇ ಇಲ್ಲವಾ? ಗೆದ್ದದ್ದಿದೆ. ಅದೂ ಗಾಂಜಾ ಗಿಡದ್ದು! ಅದರಲ್ಲಿರುವ ಕ್ಯಾನಬಿಡಿಯಾಲ್ ಎಂಬ, ಅಮಲು ಬರಿಸದ ಅಂಶವನ್ನು ಬೇರೆ ಮಾಡಿದರು. ಡ್ರಾವೆ ಎಂಬ ಅಪರೂಪದ ಮೂರ್ಛೆರೋಗ ಇದ್ದ 120 ಮಂದಿ ಚಿಕ್ಕವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಮದ್ದು. ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಮದ್ದಿಲ್ಲದ ದ್ರವ. ಮದ್ದು ಕುಡಿದವರಿಗೆ ತಿಂಗಳಿಗೆ 12 ಸಲ ಬರುತ್ತಿದ್ದ ದೊಡ್ಡ ಫಿಟ್ಸ್ ಸುಮಾರು 6ಕ್ಕೆ ಇಳಿಯಿತು. ಇನ್ನೊಂದು ಗುಂಪಿನಲ್ಲಿ 15 ಇದ್ದದ್ದು 14 ಆಯಿತು, ಅಷ್ಟೆ. ಇದು 2017ರಲ್ಲಿ ಪ್ರಕಟವಾಯಿತು. 2018ರಲ್ಲಿ ಅಮೆರಿಕದ ಸರ್ಕಾರ ಆ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಹಾಗೆಂದು ಗಾಂಜಾ ಸೇದಿದರೆ ಫಿಟ್ಸ್ ಹೋಗುತ್ತದೆ ಎಂದಲ್ಲ.

ಈ ಪರೀಕ್ಷೆಯಲ್ಲಿ ಒಂದು ಸಂಗತಿ ನೋಡಿ. ಆ ಮಕ್ಕಳು ತಮ್ಮ ಹಳೆಯ ಮಾತ್ರೆ ಬಿಟ್ಟಿರಲಿಲ್ಲ. ಮಾತ್ರೆಯ ಜೊತೆಗೇ ಹೊಸ ಮದ್ದು ಕೊಟ್ಟಿದ್ದರು. ದೊಡ್ಡ ದೊಡ್ಡ ಡಾಕ್ಟರುಗಳೇ ನಿಲ್ಲಿಸದ ಮಾತ್ರೆಯನ್ನು ನಾವು ಒಂದು ಲೋಟ ರಸ ನಂಬಿ ನಿಲ್ಲಿಸುವುದಾ?

ಫಿಟ್ಸ್ ಮಾತ್ರೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬಿಡದೆ ಬರಬಹುದು. ಜೀವಕ್ಕೇ ಅಪಾಯ. ಬಾವಿಯಲ್ಲಿ ನೀರು ಸೇದುವಾಗ, ಒಲೆಯ ಮುಂದೆ ಕೂತಿರುವಾಗ ಬಂದರೆ ಏನು ಗತಿ? ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಬೇಕು. ಅಲ್ಲಿಯವರೆಗೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ನೀರೂ ಬೇಡ, ಚಮಚವೂ ಬೇಡ.

ಪೊಟ್ಟಣದಲ್ಲಿ ಬರುವ ಪುಡಿಗಳದ್ದು ಬೇರೆಯೇ ಕತೆ. ಗಿಡಮೂಲಿಕೆ ಎಂದು ಮಾರಿದ ಫಿಟ್ಸ್ ಪುಡಿಯಲ್ಲಿ ಇಂಗ್ಲಿಷ್ ಮದ್ದನ್ನೇ ಬೆರೆಸಿದ್ದು ನಮ್ಮ ದೇಶದಲ್ಲೇ ಸಿಕ್ಕಿಬಿದ್ದಿದೆ. ಯಾರಾದರೂ ಕೊಟ್ಟರೆ ಆ ಪೊಟ್ಟಣವನ್ನೇ ಡಾಕ್ಟರ ಹತ್ತಿರ ಒಯ್ದು ತೋರಿಸಿ. ಬೈದರೂ ಬೈಯಲಿ, ಅಡಗಿಸಬೇಡಿ.

ತಂಬುಳಿ ಬಿಡಬೇಕಾ ಎಂದು ಆ ಅಕ್ಕ ಮತ್ತೆ ಕೇಳಿದರು. ಊಟಕ್ಕೆ ತಂಬುಳಿ ಇರಲಿ, ಮಾತ್ರೆಯೂ ಇರಲಿ ಎಂದೆವು. ಅವರ ಅಭ್ಯಾಸ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾವೇ ಗೆರೆ ಎಳೆದು ಕೊಟ್ಟೆವು. ತಾರೀಕು, ಹೊತ್ತು, ಎಷ್ಟು ನಿಮಿಷ, ಮಾತ್ರೆ ತಪ್ಪಿತ್ತಾ ಇಲ್ಲವಾ ಎಂದು ನಾಲ್ಕು ಸಾಲು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ಜೊತೆಗಿರುತ್ತದೆ.