ನಕ್ಷತ್ರ ಮರೆಯಾದ ಆಟ

1969ರ ವಿಶ್ವ ಐಸ್ ಹಾಕಿ ಪಂದ್ಯಾವಳಿ ನಡೆಯಬೇಕಾಗಿದ್ದುದು ಪ್ರಾಗ್ ನಗರದಲ್ಲಿ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯವನ್ನು ಹೊಕ್ಕಮೇಲೆ ಅದು ಸ್ಟಾಕ್‌ಹೋಮಿನ ಪಾಲಾಯಿತು.

ಅಲ್ಲಿ ಚೆಕೊಸ್ಲೊವಾಕರು ಸೋವಿಯತ್ ತಂಡವನ್ನು ಎರಡು ಸಲ ಸೋಲಿಸಿದರು: ಮಾರ್ಚ್ 21ರಂದು 2-0, 28ರಂದು 4-3. ಕೆಲವು ಆಟಗಾರರು ತಮ್ಮ ಅಂಗಿಯ ಲಾಂಛನದಲ್ಲಿ ಸಿಂಹದ ಮೇಲಿದ್ದ ಕೆಂಪು ನಕ್ಷತ್ರವನ್ನು ಪಟ್ಟಿ ಅಂಟಿಸಿ ಮರೆಮಾಡಿದ್ದರು. ಬಹುಕಾಲ ಧ್ವನಿತತ್ತ್ವವನ್ನು ಬೋಧಿಸಿದ ನನಗೆ, ಆಡದೆ ಆಡಿದ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಕಾವ್ಯದಲ್ಲಿಯೂ ಸುಲಭವಾಗಿ ದೊರೆತಿಲ್ಲ.

ಅಂಕಗಳು ಸಮವಾಗಿ, ಗೋಲುಗಳ ಗಣನೆಯಲ್ಲಿ ಚಿನ್ನ ಸೋವಿಯತ್ತಿಗೇ ಸಂದಿತು. ಎರಡು ಬಾರಿ ಗೆದ್ದವರಿಗೆ ಕಂಚು. ಪ್ರಾಗಿನ ಜನ ಆ ಲೆಕ್ಕಕ್ಕೆ ಕಾಯಲಿಲ್ಲ. 28ರ ರಾತ್ರಿಯೇ ಬೀದಿಗಿಳಿದರು. ಸೋವಿಯತ್ ವಿಮಾನಸಂಸ್ಥೆಯ ಕಚೇರಿ ನುಚ್ಚುನೂರಾಯಿತು. ಮಾಸ್ಕೋಗೆ ಬೇಕಾಗಿದ್ದುದೂ ಅಂಥದೊಂದು ನೆಪವೇ. ಇಪ್ಪತ್ತು ದಿನಗಳಲ್ಲಿ, ಏಪ್ರಿಲ್ 17ರಂದು, ಸುಧಾರಣೆಯ ನಾಯಕ ದುಬ್ಚೆಕ್ ಪಕ್ಷದ ಪದವಿಯಿಂದ ಇಳಿದರು. ಹುಸಾಕ್ ಬಂದು ಕುಳಿತರು.