ಮತ್ತೆ ನೋಡಿದ ಮಾಯಾಬಜಾರ್

ರಾಯದುರ್ಗದ ಕಡೆಯ ನಮ್ಮೂರಿನಲ್ಲಿ ಮನೆಮಾತು ಕನ್ನಡ, ಸಿನಿಮಾ ತೆಲುಗು. ಎಂಟು ವರ್ಷದವನಿದ್ದಾಗ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತು 'ಮಾಯಾಬಜಾರ್' ನೋಡಿದೆ. 1957ರ ಆ ಚಿತ್ರದ ನಿರ್ದೇಶಕ ಕೆ.ವಿ. ರೆಡ್ಡಿಯವರು ನಮ್ಮ ತಾಡಪತ್ರಿ ಸೀಮೆಯವರೇ. ಘಟೋತ್ಕಚನಾದ ಎಸ್.ವಿ. ರಂಗಾರಾವ್ ಅವರ ಬಾಯಿಗೆ ಲಾಡುಗಳು ತಾವೇ ಹಾರಿ ಬರುವಾಗ ನನ್ನ ಬಾಯಲ್ಲೂ ನೀರು.

ಅದಕ್ಕೆ ಬಣ್ಣ ತುಂಬಿ 2010ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ಮೊನ್ನೆ ಮನೆಯ ಟೀವಿಯಲ್ಲಿ ಮೊಮ್ಮಗಳ ಜೊತೆ ನೋಡಿದೆ. ಲಾಡು ನೋಡಿ ಅವಳು ನಕ್ಕಳು. ನನ್ನ ಕಣ್ಣು ಬಲರಾಮನ ಮೇಲಿತ್ತು. ಮಗಳು ಶಶಿರೇಖೆಯನ್ನು ತಂಗಿ ಸುಭದ್ರೆಯ ಮಗನಿಗೆ ಕೊಡುತ್ತೇನೆಂದವನು, ಪಾಂಡವರು ಜೂಜಿನಲ್ಲಿ ಎಲ್ಲ ಕಳೆದುಕೊಂಡ ಮೇಲೆ ದುರ್ಯೋಧನನ ಮಗನಿಗೆ ಕೊಡಲು ಒಪ್ಪುತ್ತಾನೆ.

ನಾನೂ ಅಕ್ಕನಿಗೆ ಹಾಗೇ ಮಾತು ಕೊಟ್ಟಿದ್ದೆ. ಮೂರು ವರ್ಷ ಮಳೆ ಹೋಗಿ, ಕಡಲೆಕಾಯಿ ಕೈಕೊಟ್ಟು ಅವಳ ಮನೆ ಸೋತಾಗ, ಬ್ಯಾಂಕಿನ ಗುಮಾಸ್ತನಾದ ನಾನು ಮಗಳಿಗೆ ಬೇರೆ ಸಂಬಂಧ ನೋಡಿದೆ. "ಆಗಲಿ ಬಿಡು ತಮ್ಮಾ" ಅಂದವಳು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ.

ಚಿತ್ರದಲ್ಲಿ ಪ್ರಿಯದರ್ಶಿನಿ ಎಂಬ ಪೆಟ್ಟಿಗೆಯುಂಟು. ತೆರೆದವರಿಗೆ ಅವರಿಗೆ ಪ್ರಿಯವಾದುದು ಕಾಣುತ್ತದೆ. ಅಂದು ನಾನು ತೆರೆದಿದ್ದರೆ ಪಾಸ್‌ಬುಕ್ಕು ಕಾಣುತ್ತಿತ್ತು.

ಅಲ್ಲಿ ಕೃಷ್ಣ, ಘಟೋತ್ಕಚ ಸೇರಿ ಎಲ್ಲ ಸರಿಮಾಡಿದರು. ನಮಗೆ ಆ ಮಾಯೆ ಇಲ್ಲ. ಬರುವ ಸೋಮವಾರ ಅಕ್ಕನ ಊರಿನ ಬಸ್ಸು ಹತ್ತುತ್ತೇನೆ.