ದೀವಟಿಗೆಯಿಂದ ಜೋಡಿ ಪ್ರೊಜೆಕ್ಟರಿನವರೆಗೆ



ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಈಗ ಯಾವ ದೊಡ್ಡ ಕಾರ್ಯಕ್ರಮದ ಸಮಿತಿ ಕೂತರೂ, ಶಾಮಿಯಾನ, ಮೈಕು, ಊಟದ ಲೆಕ್ಕ ಮುಗಿದ ಮೇಲೆ ಪರದೆಯ ಮಾತು ಬಂದೇ ಬರುತ್ತದೆ. ಎಲ್‌ಇಡಿ ಗೋಡೆ ತರಿಸುವುದೋ, ಪ್ರೊಜೆಕ್ಟರ್ ಹಾಕುವುದೋ? ಹಾಕಿದರೆ ಒಂದೋ, ಎರಡೋ? ಎರಡು ಮೂರು ಪ್ರೊಜೆಕ್ಟರುಗಳ ಚಿತ್ರವನ್ನು ಅಂಚಿನಲ್ಲಿ ಒಂದರ ಮೇಲೊಂದು ಹಾಯಿಸಿ, ಒಂದೇ ಅಗಲ ಚಿತ್ರದ ಹಾಗೆ ಕಾಣಿಸುವ ವಿದ್ಯೆಗೆ ಎಡ್ಜ್ ಬ್ಲೆಂಡಿಂಗ್ ಎನ್ನುತ್ತಾರೆ. ಇವತ್ತಿನ ಮಾತು ಅದರ ಬಗ್ಗೆ. ಈ ವಿದ್ಯೆ ನಡೆದು ಬಂದ ದಾರಿ ತಿಳಿದರೆ ಸಲಕರಣೆಯನ್ನು ಹೇಗೆ ಆರಿಸಬೇಕೆಂಬುದೂ ತಿಳಿಯುತ್ತದೆ.

ನಮ್ಮ ಕಡೆಯ ಬಯಲಾಟಕ್ಕೆ ಮೊದಲು ಇದ್ದದ್ದು ದೀವಟಿಗೆ. ರಂಗಸ್ಥಳದ ಎರಡು ಬದಿಯಲ್ಲಿ ಎಣ್ಣೆ ಕುಡಿದು ಉರಿಯುವ ಪಂಜು. ಎರಡು ಕಡೆಯ ಬೆಳಕು ನಡುವೆ ಕೂಡುವಲ್ಲಿ ವೇಷಧಾರಿ ಬಂದು ನಿಲ್ಲುತ್ತಿದ್ದ. ಬಣ್ಣದ ವೇಷದ ಕೆಂಪು, ಕಪ್ಪು, ಚಿಟ್ಟಿಯ ಬಿಳಿ ಎಲ್ಲವೂ ಆ ಅಲುಗುವ ಬೆಳಕಿಗೆ ಒಪ್ಪುವಂಥವು. ಆಮೇಲೆ ಗ್ಯಾಸ್‌ಲೈಟ್ ಬಂತು, ಕೊನೆಗೆ ಕರೆಂಟು. ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾಯಿತು, ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆದರೂ ಶರಾವತಿ ದಂಡೆಯ ಎಷ್ಟೋ ಹಳ್ಳಿಗಳು ಬಹಳ ಕಾಲ ಕತ್ತಲಲ್ಲೇ ಉಳಿದವು. ನಮ್ಮ ನೀರಿನ ಬೆಳಕು ನಮಗಿಂತ ಮುಂಚೆ ದೂರದ ಊರುಗಳನ್ನು ಬೆಳಗಿತು. ಈ ಮಾತನ್ನು ಹೇಳದೆ ನಮ್ಮ ಸೀಮೆಯ ಬೆಳಕಿನ ಕಥೆ ಹೇಳಲಾಗದು.

ಪರದೆಯ ಕಥೆಯನ್ನು ಮಾತ್ರ ಹೆಗ್ಗೋಡಿನಿಂದಲೇ ಶುರುಮಾಡಬೇಕು. ಸಾಗರದ ಹತ್ತಿರದ ಈ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ನೀನಾಸಮ್ ಎಂಬ ರಂಗಸಂಸ್ಥೆ ಕಟ್ಟಿದರು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು, ಮರುವರ್ಷ ನೀನಾಸಮ್ ಚಿತ್ರಸಮಾಜ ಹುಟ್ಟಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಅವರ ಒತ್ತಾಸೆಯಿಂದ ಫಿಲ್ಮ್ ಡಬ್ಬಿಗಳು ಇಲ್ಲಿಗೆ ಬಂದವು. ಅಡಿಕೆ ಕೊಯ್ದು ಬಂದವರು, ಸೊಸೈಟಿಯಲ್ಲಿ ಲೆಕ್ಕ ಬರೆಯುವವರು ಒಟ್ಟಿಗೆ ಕೂತು ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಅವರ ಚಿತ್ರಗಳನ್ನು ನೋಡಿದರು. ಅಲ್ಲಿದ್ದದ್ದು ದೊಡ್ಡ ಯಂತ್ರವಲ್ಲ. ಮಂದಿರ ಚೆನ್ನಾಗಿ ಕತ್ತಲಾಗುತ್ತಿತ್ತು, ಪರದೆ ಪ್ರೇಕ್ಷಕರ ಸಂಖ್ಯೆಗೆ ತಕ್ಕಷ್ಟಿತ್ತು. ಅಷ್ಟು ಸಾಕಾಯಿತು. ಸಲಕರಣೆ ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಕಡೆ ಸಿಗಲಾರದು ಎಂದು ನನ್ನ ನಂಬಿಕೆ.

ಒಂದಕ್ಕಿಂತ ಹೆಚ್ಚು ಪ್ರೊಜೆಕ್ಟರ್ ಜೋಡಿಸುವ ಆಸೆಯಾದರೂ ಹೊಸದಲ್ಲ. 1927ರಲ್ಲಿ ಫ್ರಾನ್ಸಿನ ಅಬೆಲ್ ಗಾನ್ಸ್ ತನ್ನ ‘ನೆಪೋಲಿಯನ್’ ಚಿತ್ರದ ಕೊನೆಯ ಭಾಗವನ್ನು ಮೂರು ಪ್ರೊಜೆಕ್ಟರಿನಿಂದ ಮೂರು ಪರದೆಗಳ ಮೇಲೆ ಅಕ್ಕಪಕ್ಕ ಹಾಯಿಸಿದ. 1952ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಸಿನೆರಾಮಾ ಬಂತು. ಫ್ರೆಡ್ ವಾಲರ್ ರೂಪಿಸಿದ ಈ ಏರ್ಪಾಟಿನಲ್ಲೂ ಮೂರು ಪ್ರೊಜೆಕ್ಟರ್, ಜೊತೆಗೆ ಆಳವಾಗಿ ಬಾಗಿದ ಪರದೆ. ಎರಡು ಚಿತ್ರ ಕೂಡುವ ಕಡೆ ಗೆರೆ ಬೀಳುತ್ತಿತ್ತು. ಅದನ್ನು ಮಸುಕು ಮಾಡಲು ಫಿಲ್ಮ್ ಹಾಯುವ ಕಿಂಡಿಯ ಅಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲಿನ ತುಂಡು ಕೂರಿಸಿ, ಮೇಲೆ ಕೆಳಗೆ ಬಿರುಸಾಗಿ ಅಲುಗಾಡಿಸುತ್ತಿದ್ದರು. ಇವತ್ತು ಕಂಪ್ಯೂಟರ್ ಮಾಡುವ ಕೆಲಸಕ್ಕೆ ಆ ಹಲ್ಲೇ ಮೂಲ. ಹೀಗೆ ಮಾಡಿದರೂ ಗೆರೆ ಪೂರ್ತಿ ಅಳಿಯಲಿಲ್ಲ. ಆಮೇಲಿನ ಸಿನೆರಾಮಾ ಕಥಾಚಿತ್ರಗಳಲ್ಲಿ ಕೂಡುವ ಜಾಗಕ್ಕೆ ಸರಿಯಾಗಿ ಮರವನ್ನೋ ಕಂಬವನ್ನೋ ನಿಲ್ಲಿಸಿ ಚಿತ್ರೀಕರಿಸಿದರು. ಕೊನೆಗೆ ಮೂರು ಪ್ರೊಜೆಕ್ಟರಿನ ಪದ್ಧತಿಯನ್ನೇ ಕೈಬಿಟ್ಟು, ಅದೇ ಹೆಸರಿನಲ್ಲಿ 70 ಎಂಎಂ ಫಿಲ್ಮಿಗೆ ಹೋದರು.

ಡಿಜಿಟಲ್ ಕಾಲದಲ್ಲಿ ಆ ಆಸೆ ಮತ್ತೆ ಚಿಗುರಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ಪುಟ್ಟ ಕನ್ನಡಿಗಳ ಚಿಪ್ ತೊಂಬತ್ತರ ದಶಕದಲ್ಲಿ ಪ್ರೊಜೆಕ್ಟರಿನೊಳಗೆ ಬಂತು. ಇಂಥ ಯಂತ್ರಗಳಲ್ಲಿ ಅಂಚನ್ನು ಲೆಕ್ಕದಿಂದಲೇ ಬೆಸೆಯುತ್ತಾರೆ. ಎಡದ ಚಿತ್ರ ಕೂಡುವ ಪಟ್ಟಿಯಲ್ಲಿ ಕ್ರಮೇಣ ಮಂಕಾಗುತ್ತದೆ, ಬಲದ್ದು ಅಷ್ಟೇ ಕ್ರಮದಲ್ಲಿ ಏರುತ್ತದೆ. ಹೇಳುವುದು ಸುಲಭ, ಆದರೆ ಒಂದು ತೊಡಕಿದೆ. ಪ್ರೊಜೆಕ್ಟರಿಗೆ ಕಳಿಸುವ ಅಂಕಿಯನ್ನು ಅರ್ಧ ಮಾಡಿದರೆ ಬೆಳಕು ಅರ್ಧವಾಗುವುದಿಲ್ಲ, ಸುಮಾರು ಐದನೇ ಒಂದು ಪಾಲಿಗೆ ಇಳಿಯುತ್ತದೆ. ಅಂಥ ಎರಡು ಸೇರಿದರೂ ಪೂರ್ತಿ ಬೆಳಕಿನ ಅರ್ಧ ಕೂಡ ಆಗದು, ನಡುವೆ ಕಪ್ಪು ಪಟ್ಟಿ ಏಳುತ್ತದೆ. ಆದ್ದರಿಂದ ಏರಿಳಿತದ ರೇಖೆಯನ್ನು ತಿದ್ದಲು ಬರುವ ಯಂತ್ರವೇ ಬೇಕು. ಎರಡನೆಯ ತೊಡಕು ಇನ್ನೂ ಹಟಮಾರಿ. ಪ್ರೊಜೆಕ್ಟರಿನ ಕಪ್ಪು ನಿಜವಾಗಿ ಕಪ್ಪಲ್ಲ, ಚೂರು ಬೆಳಕು ಸೋರುತ್ತಲೇ ಇರುತ್ತದೆ. ಕೂಡುವ ಪಟ್ಟಿಯಲ್ಲಿ ಆ ಸೋರಿಕೆ ಎರಡು ಪಟ್ಟಾಗುತ್ತದೆ. ನಾಟಕದಲ್ಲಿ ರಾತ್ರಿಯ ದೃಶ್ಯ ಬಂದಾಗ ಪರದೆಯ ನಡುವೆ ಬೂದು ಕಂಬವೊಂದು ನಿಂತ ಹಾಗೆ ಕಾಣುತ್ತದೆ.

ಈಗ ಒಂದು ಲೆಕ್ಕ. ನಾಲ್ಕು ಮೀಟರ್ ಎತ್ತರ, 6.4 ಮೀಟರ್ ಅಗಲದ ಚಿತ್ರ ಕೊಡುವ ಎರಡು ಪ್ರೊಜೆಕ್ಟರುಗಳನ್ನು ಐದನೇ ಒಂದು ಪಾಲು ಒಂದರ ಮೇಲೊಂದು ಬರುವಂತೆ ಇಟ್ಟರೆ ಸುಮಾರು ಹನ್ನೊಂದೂವರೆ ಮೀಟರ್ ಅಗಲದ ಚಿತ್ರ ಸಿಗುತ್ತದೆ. ಒಂದೊಂದೂ 10,000 ಲ್ಯೂಮೆನ್ ಬೆಳಕು ಚೆಲ್ಲುವಂಥದ್ದಾದರೆ ಪರದೆಯ ಮೇಲೆ ಬೀಳುವ ಬೆಳಕು 390 ಲಕ್ಸ್ ಆಸುಪಾಸು, ಅಂದರೆ ಚದರ ಮೀಟರಿಗೆ ಅಷ್ಟು ಲ್ಯೂಮೆನ್. ಕತ್ತಲಾದ ಸಭಾಂಗಣಕ್ಕೆ ಇದು ಧಾರಾಳ. ಅದೇ ವೇದಿಕೆಯಲ್ಲಿ ಸನ್ಮಾನ ನಡೆಯುವಾಗ ವಿಡಿಯೋದವರು ಹ್ಯಾಲೊಜನ್ ಹೊತ್ತಿಸಿದರೆ ಚಿತ್ರ ತೊಳೆದು ಹೋಗುತ್ತದೆ. ಇನ್ನೂ ಹತ್ತು ಸಾವಿರ ಲ್ಯೂಮೆನ್‌ಗೆ ಬಾಡಿಗೆ ತೆರುವುದಕ್ಕಿಂತ ಆ ದೀಪಗಳ ಮುಖವನ್ನು ಪರದೆಯಿಂದ ತಿರುಗಿಸುವುದು ಮೇಲು.

ಹಾಗಾದರೆ ಹಣ ಎಲ್ಲಿಗೆ ಹಾಕಬೇಕು? ನನ್ನನ್ನು ಕೇಳಿದರೆ ಮೊದಲು ಜೋಡಿಗೆ, ಆಮೇಲೆ ನಿಲುವಿಗೆ. ಎರಡೂ ಒಂದೇ ಮಾದರಿಯವು, ಒಂದೇ ಬಗೆಯ ಲೆನ್ಸಿನವು, ಹೆಚ್ಚುಕಡಿಮೆ ಸಮನಾದ ಗಂಟೆಗಳಷ್ಟು ಓಡಿದವು ಆಗಿರಬೇಕು. ಒಂದರ ಬಲ್ಬು ಹಳತಾಗಿ ಬಣ್ಣ ತಿರುಗಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಮುಚ್ಚದು. ಲೇಸರ್ ಪ್ರೊಜೆಕ್ಟರುಗಳಲ್ಲಿ ಈ ಕಾಟ ಕಡಿಮೆ.

ನಿಲುವಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ 6.4 ಮೀಟರ್ ಚಿತ್ರದಲ್ಲಿ ಅಡ್ಡಸಾಲಿಗೆ 1,920 ಚುಕ್ಕಿ. ಒಂದು ಚುಕ್ಕಿಯ ಅಗಲ ಮೂರು ಮಿಲಿಮೀಟರಿಗಿಂತ ಚೂರು ಹೆಚ್ಚು. ಹಲಗೆ ಹಾಸಿದ ಅಟ್ಟದ ಮೇಲೆಯೇ ಪ್ರೊಜೆಕ್ಟರ್ ಇಟ್ಟು, ಪಕ್ಕದಲ್ಲಿ ವೇಷಧಾರಿ ಧೀಂಗಣ ಹಾಕಿದರೆ, ಲೆನ್ಸ್ ಕೂದಲೆಳೆಯಷ್ಟು ಅಲುಗಿದರೂ ಪರದೆಯಲ್ಲಿ ಹಲವು ಚುಕ್ಕಿ ಜರುಗುತ್ತದೆ. ಕೂಡುವ ಪಟ್ಟಿಯಲ್ಲಿ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ. ಆದ್ದರಿಂದ ಪ್ರೊಜೆಕ್ಟರಿಗೆ ಅಟ್ಟವನ್ನು ಮುಟ್ಟದ, ನೆಲದಿಂದಲೇ ಎದ್ದ ಬೇರೆ ಕಬ್ಬಿಣದ ಚೌಕಟ್ಟು ಬೇಕು. ಎರಡು ಚಿತ್ರಗಳೂ ಒಂದೇ ಕಂಪ್ಯೂಟರಿನಿಂದ ಹೊರಡಬೇಕು, ಇಲ್ಲವಾದರೆ ಓಡುವ ಕುದುರೆಯ ತಲೆ ಮುಂದೆ, ಬಾಲ ಹಿಂದೆ ಉಳಿಯುತ್ತದೆ. ಜನರೇಟರ್ ಇದ್ದರೂ ಕಂಪ್ಯೂಟರಿಗೆ ಯುಪಿಎಸ್ ಇರಲಿ. ರಾತ್ರಿ ಕಳೆದಂತೆ ಬೀಳುವ ಮಂಜಿಗೆ, ಮೊದಲ ಮಳೆಯ ರೆಕ್ಕೆಹುಳಕ್ಕೆ ಲೆನ್ಸಿನ ಮೇಲೊಂದು ಮಾಡು ಬೇಕು.

ಎಲ್ಲ ಕಡೆಗೂ ಇದೇ ಒಪ್ಪುತ್ತದೆಂದು ನಾನು ಹೇಳಲಾರೆ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಂಥ ಬೆಳಕು ತುಂಬಿದ ಬಯಲಿಗೆ, 2007ರಲ್ಲಿ ಹೊಸನಗರದ ರಾಮಚಂದ್ರಾಪುರ ಮಠದಲ್ಲಿ ನಡೆದ ವಿಶ್ವ ಗೋಸಮ್ಮೇಳನದಂಥ ಹಗಲಿನ ಜನಸಾಗರಕ್ಕೆ ಎಲ್‌ಇಡಿ ಗೋಡೆಯೇ ಸರಿ. ಸೂರಿನಡಿ ಕತ್ತಲು ಮಾಡಿಕೊಳ್ಳಲು ಬರುವ ನಾಟಕ, ನೃತ್ಯ, ಗೊಂಬೆಯಾಟಕ್ಕೆ ಜೋಡಿ ಪ್ರೊಜೆಕ್ಟರ್ ಚೆಂದ. ಅದರ ಮೆತ್ತನೆಯ ಬೆಳಕು ನಟನ ಮುಖವನ್ನು ನುಂಗುವುದಿಲ್ಲ, ಮುಂದಿನ ಸಾಲಿನವರ ಕಣ್ಣಿಗೆ ಚುಚ್ಚುವುದಿಲ್ಲ. ಇನ್ನೂರು ಮುನ್ನೂರು ಜನರ ಸಭೆಗೆ ಒಂದೇ ಪ್ರೊಜೆಕ್ಟರ್ ಸಾಕು, ಬೆಸೆಯುವ ಗೋಜೇ ಬೇಡ.

ಸಮಿತಿಯವರಲ್ಲಿ ನನ್ನದೊಂದು ಕೇಳಿಕೆ. ಪೂರ್ತಿ ಮುಂಗಡ ಕೊಡುವ ಮೊದಲು, ಸಂಜೆ ಕತ್ತಲಾದ ಮೇಲೆ, ಕಾರ್ಯಕ್ರಮ ನಡೆಯುವ ಜಾಗದಲ್ಲೇ ಎರಡೂ ಪ್ರೊಜೆಕ್ಟರ್ ಹೊತ್ತಿಸಿ ತೋರಿಸಲು ಹೇಳಿ. ಬಣ್ಣಬಣ್ಣದ ಡೆಮೊ ವಿಡಿಯೋ ಬೇಡ. ಒಂದು ಪೂರ್ತಿ ಬಿಳಿ ಚಿತ್ರ, ಒಂದು ಬೂದು ಚಿತ್ರ, ಒಂದು ಪೂರ್ತಿ ಕಪ್ಪು ಚಿತ್ರ ಹಾಕಿಸಿ, ಮುಂದಿನ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ಕೂತು ನೋಡಿ. ಮೂರರಲ್ಲೂ ನಡುವಿನ ಪಟ್ಟಿ ಕಣ್ಣಿಗೆ ಬೀಳದಿದ್ದರೆ ಮಾತ್ರ ಒಪ್ಪಿಕೊಳ್ಳಿ.